ಅಂಪೈರ್ ಕಿವಿಯಲ್ಲಿ ಜ್ಯೋತ್ಸ್ನಾ

ಈಗ ಆ ಬೇಸ್‌ಬಾಲ್ ಮೈದಾನಗಳಲ್ಲಿ ಅಂಪೈರ್ ಕಿವಿಯಲ್ಲಿ ಯಾರೂ ಮಾತಾಡುವುದಿಲ್ಲ. ಆಟಗಾರನಿಗೆ ತೀರ್ಪು ಒಪ್ಪಿಗೆಯಾಗದಿದ್ದರೆ ಹೆಲ್ಮೆಟ್ ಮುಟ್ಟುತ್ತಾನೆ. ದೊಡ್ಡ ಪರದೆಯ ಮೇಲೆ ಚೆಂಡು ಬಂದ ದಾರಿ ಮೂಡುತ್ತದೆ. ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಬೇಗ ಮುಗಿಯುತ್ತದೆ, ಯಾರಿಗೂ ತಕರಾರಿಲ್ಲ.

ಆದರೆ ಅದಕ್ಕೆ ಮೊದಲು ಒಂದು ಬೇಸಿಗೆ ಇತ್ತು. ಯಂತ್ರಕ್ಕೂ ಅಂಪೈರಿಗೂ ನಡುವೆ ಮನುಷ್ಯರೊಬ್ಬರು ಕೂತಿರುತ್ತಿದ್ದ ಬೇಸಿಗೆ. ಆ ಬೇಸಿಗೆಯ ಮಾತು ಬಂದರೆ ರಾಜಗೋಪಾಲ ಇವತ್ತಿಗೂ ಹೇಳುತ್ತಿದ್ದ ಮಾತು ನಿಲ್ಲಿಸಿ ಸುಮ್ಮನೆ ನಗುತ್ತಾನೆ.

ಐವತ್ತು ದಾಟಿದ ಆಸಾಮಿ. ಮೈಸೂರಿನ ಕುವೆಂಪುನಗರದವನು. ಗಣಿ ಕಂಪನಿಯೊಂದರ ಇಂಜಿನಿಯರಾಗಿ ಪರ್ತ್‌ಗೆ ಬಂದು, ವಿಲೆಟನ್ ಬಡಾವಣೆಯಲ್ಲಿ ಮನೆ ಮಾಡಿದ. ಹೆಂಡತಿ ಉಷಾ ತೀರಿಕೊಂಡಾಗ ಮಗಳು ಅನನ್ಯಾ ಇನ್ನೂ ಹೈಸ್ಕೂಲು. ಆ ಹುಡುಗಿ ಬೇಸ್‌ಬಾಲ್ ಆಡುತ್ತಿದ್ದಳು. ಒಂದು ದಿನ ಅಂಪೈರ್ ಬರಲಿಲ್ಲ, ಬೇಲಿಯ ಹತ್ತಿರ ನಿಂತಿದ್ದ ಈ ಅಪ್ಪನನ್ನು ಹಿಡಿದು ಮುಖಕ್ಕೆ ಮುಖವಾಡ ಹಾಕಿ ನಿಲ್ಲಿಸಿದರು. ಮಗಳು ಆಟ ಬಿಟ್ಟಳು. ಅಪ್ಪ ಬಿಡಲಿಲ್ಲ. ಕ್ಲಬ್ ಆಟಗಳನ್ನು ದಾಟಿ, ಕೊನೆಗೆ ದೊಡ್ಡ ಲೀಗ್‌ವರೆಗೂ ಬಂದುಬಿಟ್ಟ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಬ್ಯಾಟರ್‌ನ ಮಂಡಿಯಿಂದ ಎದೆಯವರೆಗೆ, ನೆಲದಲ್ಲಿ ಹೂತ ಪ್ಲೇಟಿನ ಮೇಲೆ, ಕಣ್ಣಿಗೆ ಕಾಣದ ಒಂದು ಕಿಟಕಿ ಇದೆ. ಚೆಂಡು ಆ ಕಿಟಕಿಯಲ್ಲಿ ಹಾದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಕಿಟಕಿ ಎಲ್ಲಿದೆ ಎಂದು ಹೇಳುವವನೇ ಅಂಪೈರ್.

ಆ ವರ್ಷ ಲೀಗಿನವರು ಮೈದಾನದ ಸುತ್ತ ಕ್ಯಾಮೆರಾ ಹಾಕಿದರು. ಅಂಪೈರ್ ಹೇಳಿದ್ದನ್ನು ಆಟಗಾರ ಪ್ರಶ್ನಿಸಿದರೆ, ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ, ಗೋದಾಮಿನ ಮೇಲಿನ ಒಂದು ಕೋಣೆಯಲ್ಲಿ ಕೂತ ಆಪರೇಟರ್ ಚೆಂಡಿನ ದಾರಿ ನೋಡಿ ಅಂಪೈರ್ ಕಿವಿಯಲ್ಲಿ ಹೇಳುವುದು. ಅಂಪೈರ್ ಅದನ್ನೇ ಮೈದಾನಕ್ಕೆಲ್ಲ ಕೇಳುವಂತೆ ಸಾರುವುದು. ಅಂದರೆ ತನ್ನ ತಪ್ಪನ್ನು ತಾನೇ ಸಾರುವುದು.

ನವೆಂಬರಿನ ಒಂದು ಶನಿವಾರ, ಅಲ್ಲಿಗೆ ಅದು ಬೇಸಿಗೆಯ ಶುರು. ಪರ್ತ್‌ನಲ್ಲಿ ಮೊದಲ ಆಟ. ಕೆಳಗೆ ಬಂದ ಚೆಂಡಿಗೆ ರಾಜಗೋಪಾಲ "ಬಾಲ್" ಎಂದ. ಅವನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಕ್ಯಾಚರ್ ಒಪ್ಪದೆ ತಲೆಯ ಹೆಲ್ಮೆಟ್ ಮುಟ್ಟಿದ.

"ಓವರ್‌ಟರ್ನ್ಡ್. ಇಟ್ ವಾಸ್ ಎ ಸ್ಟ್ರೈಕ್," ಎಂದಿತು ಕಿವಿಯಲ್ಲಿ ಒಂದು ಹೆಣ್ಣುದನಿ. ತಣ್ಣಗೆ, ಬ್ಯಾಂಕಿನ ಕೌಂಟರಿನಿಂದ ಬಂದ ಹಾಗೆ.

ಅದೇ ಆಟದಲ್ಲಿ ಅವನ ತೀರ್ಪು ತಿರುಗಿದ್ದು ಇದು ಮೂರನೆಯ ಸಲ. ಸಾರಿದ. ಜನ ಓ ಎಂದರು. ಬೆವರು ಮುಖವಾಡದೊಳಗೆ ಇಳಿಯುತ್ತಿತ್ತು. ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ಅಪ್ಪಟ ಮೈಸೂರು ಕನ್ನಡದಲ್ಲಿ ಗೊಣಗಿದ:

"ಇವಳೊಬ್ಳು ಮಹಾರಾಣಿ. ದೇಶದ ಆ ತುದೀಲಿ ಏಸಿ ಹಾಕ್ಕೊಂಡು ಕೂತ್ಕೊಂಡು ನನಗೆ ಕಣ್ ಕಾಣಲ್ಲ ಅಂತಾಳೆ. ಬಾ ತಾಯಿ, ಈ ಬಿಸಿಲಲ್ಲಿ ಒಂದ್ಸಲ ಬಗ್ಗಿ ನಿಂತ್ಕೊ, ಗೊತ್ತಾಗುತ್ತೆ."

ಕಿವಿಯಲ್ಲಿ ಅದೇ ದನಿ, ಆದರೆ ಬೇರೆಯೇ ಬಣ್ಣದಲ್ಲಿ:

"ಏಸಿ ಕೆಟ್ಟೋಗಿದೆ ಸರ್. ಮತ್ತೆ, ಮಹಾರಾಣಿಗೆ ಎಲ್ಲಾ ಕೇಳಿಸ್ತು. ನಿಮ್ಮ ಮೈಕ್ ಯಾವಾಗ್ಲೂ ಆನ್ ಇರುತ್ತೆ."

ಅಷ್ಟರಲ್ಲಿ ಪಿಚರ್ ಮುಂದಿನ ಚೆಂಡು ಎಸೆದೇಬಿಟ್ಟಿದ್ದ. ರಾಜಗೋಪಾಲ ಚೆಂಡನ್ನು ನೋಡಲೇ ಇಲ್ಲ. ಕ್ಯಾಚರ್ ತಿರುಗಿ "ಮೇಟ್?" ಎಂದ. ಏನೂ ತೋಚದೆ "ಸ್ಟ್ರೈಕ್" ಎಂದು ಕೈ ಎತ್ತಿದ.

"ಪರ್ವಾಗಿಲ್ಲ, ಅದು ಸ್ಟ್ರೈಕೇ," ಎಂದಿತು ದನಿ, ನಗು ತಡೆದುಕೊಂಡು.

ಆಟ ಮುಗಿದ ಮೇಲೆ ಅಂಪೈರ್ ಕೋಣೆಯಲ್ಲಿ ಕೂತು ಅವನು ಗಂಟಲು ಸರಿಮಾಡಿಕೊಂಡ. "ಮೇಡಂ, ಇದ್ದೀರಾ? ತುಂಬಾ ಸಾರಿ. ನಾನು ಹಾಗೆಲ್ಲ ಮಾತಾಡೋನಲ್ಲ."

"ಮಾತಾಡೋರೇ. ನಾಲ್ಕನೇ ಇನಿಂಗ್ಸಲ್ಲಿ ಪಿಚರ್‌ಗೆ ಎಮ್ಮೆ ಅಂದ್ರಿ. ಅದಕ್ಕೆ ನಾನೇನೂ ಅನ್ಲಿಲ್ಲ, ಯಾಕಂದ್ರೆ ಅವನು ಎಮ್ಮೇನೇ."

"ಅಯ್ಯೋ ರಾಮ."

"ನನ್ನ ಹೆಸ್ರು ಜ್ಯೋತ್ಸ್ನಾ. ಬೆಂಗ್ಳೂರು, ಹನುಮಂತನಗರ. ಮುಂದಿನ ಶನಿವಾರ ಸಿಗೋಣ ಸರ್. ನೀರು ಜಾಸ್ತಿ ಕುಡೀರಿ."

*

ಇನಿಂಗ್ಸ್ ಬದಲಾಗುವಾಗ ಆಟಕ್ಕೆ ಒಂದು ಚಿಕ್ಕ ಬಿಡುವು ಇರುತ್ತದೆ. ಆಟಗಾರರು ಒಳಗೆ ಹೊರಗೆ ಓಡಾಡುತ್ತಾರೆ, ಸ್ಪೀಕರಿನಲ್ಲಿ ಹಾಡು ಬರುತ್ತದೆ, ಅಂಪೈರ್ ಪ್ಲೇಟಿನ ಮೇಲಿನ ಧೂಳು ಒರೆಸಿ ಸುಮ್ಮನೆ ನಿಲ್ಲುತ್ತಾನೆ. ಮೊದಲೆಲ್ಲ ರಾಜಗೋಪಾಲನಿಗೆ ಆ ಬಿಡುವು ಎಂದರೆ ಬೇಜಾರು. ಈಗ ಅದಕ್ಕೇ ಕಾಯತೊಡಗಿದ.

ಪರ್ತ್‌ನಲ್ಲಿ ಮಧ್ಯಾಹ್ನ ಕಳೆಯುತ್ತಿದ್ದಂತೆ ಸಮುದ್ರದ ಕಡೆಯಿಂದ ತಂಪುಗಾಳಿ ಏಳುತ್ತದೆ. ಊರವರು ಅದನ್ನು ಡಾಕ್ಟರ್ ಎನ್ನುತ್ತಾರೆ. ಆ ಗಾಳಿ ಮೈಕಿಗೆ ಬಡಿದರೆ ಸಾಕು, ಕಿವಿಯಲ್ಲಿ ಕೇಳುತ್ತಿತ್ತು:

"ಡಾಕ್ಟರ್ ಬಂದ್ರಾ?"

"ಈಗ ಬಂದ್ರು. ನಿಮ್ಮಲ್ಲಿ?"

"ಇಲ್ಲಿ ಕಿಟಕಿ ಪೂರ್ತಿ ಜಕರಾಂಡ. ಇಡೀ ರಸ್ತೆ ನೇರಳೆ ಆಗೋಗಿದೆ. ನಮ್ಮೂರು ನೆನಪಾಗಿ ಹೊಟ್ಟೆ ಉರಿಯುತ್ತೆ."

"ನಿಮ್ಮೂರಲ್ಲಿ ಮರ ಇನ್ನೂ ಉಳಿಸಿದ್ದಾರಾ?"

"ಶುರುವಾಯ್ತು ನೋಡಿ ಮೈಸೂರಿನವರ ಜಂಬ."

ಹೀಗೆ, ಚೂರು ಚೂರಾಗಿ. ಒಂದು ಬಿಡುವಿನಲ್ಲಿ ಅರ್ಧ ಹೇಳಿದ್ದನ್ನು ಮುಂದಿನ ಬಿಡುವಿನಲ್ಲಿ ಮುಗಿಸುವುದು. ಮಾತು ಅರ್ಧದಲ್ಲಿದ್ದಾಗ ಪಿಚರ್ ಸಿದ್ಧನಾದರೆ ಇಬ್ಬರೂ ತಟ್ಟನೆ ಬಾಯಿ ಮುಚ್ಚುತ್ತಿದ್ದರು. ಅವಳ ಉಸಿರು ಮಾತ್ರ ಕಿವಿಯಲ್ಲಿ ಉಳಿದಿರುತ್ತಿತ್ತು. ಅವನ ತೀರ್ಪನ್ನು ತಿರುಗಿಸಬೇಕಾಗಿ ಬಂದರೆ ಅವಳು ಮೊದಲು ಒಂದು ಸಣ್ಣ "ಚ್" ಎನ್ನುತ್ತಿದ್ದಳು. ಪಾಯಸಕ್ಕೆ ಉಪ್ಪು ಬಿದ್ದ ಹಾಗೆ. ಆ "ಚ್" ಕೇಳಿದರೆ ಅವನಿಗೆ ತಪ್ಪಿನ ನಾಚಿಕೆಗಿಂತ ಮೊದಲು ನಗು ಬರುತ್ತಿತ್ತು.

"ಚಿಕ್ಕೋರಿದ್ದಾಗ್ಲೂ ಅಂಪೈರೇನಾ ನೀವು?"

"ಬ್ಯಾಟ್ ಯಾರ್ದೋ ಅವನು ಮೊದ್ಲು ಆಡೋನು. ಬಾಲ್ ಯಾರ್ದೋ ಅವನು ಬೌಲಿಂಗ್. ನಮ್ಮನೇಲಿ ಎರಡೂ ಇರ್ಲಿಲ್ಲ. ನಾನು ಅಂಪೈರ್."

ಅವಳು ನಕ್ಕ ಸದ್ದು. ಆಮೇಲೆ ದನಿ ಸ್ವಲ್ಪ ಇಳಿಯಿತು. "ನಾನು ಕಾಂಪೌಂಡ್ ಮೇಲೆ ಕೂತಿರ್ತಿದ್ದೆ. ಹುಡುಗೀರನ್ನ ಆಟಕ್ಕೆ ಸೇರಿಸ್ತಿರ್ಲಿಲ್ಲ. ಆದ್ರೆ ಜಗಳ ಬಂದ್ರೆ ಎಲ್ಲಾ ನನ್ನ ಹತ್ರಾನೇ ಓಡಿ ಬರೋರು. 'ಏ ಜ್ಯೋತ್ಸ್ನಾ, ನೀನ್ ಹೇಳೇ, ರನ್ ಔಟಾ ಅಲ್ವಾ?'"

"ಅಂದ್ರೆ ಆಗ್ಲೇ ಥರ್ಡ್ ಅಂಪೈರ್."

"ಟೀವೀಲಿ ಬರೋಕ್ಕಿಂತ ಮುಂಚೇನೇ. ಒನ್ ಪಿಚ್ ಕ್ಯಾಚ್ ಇತ್ತಾ ನಿಮ್ಮ ರಸ್ತೇಲಿ?"

"ಒನ್ ಪಿಚ್ ಕ್ಯಾಚ್ ಔಟ್. ಎದುರು ಮನೆ ಆಂಟಿ ಕಾಂಪೌಂಡಿಗೆ ಬಿದ್ರೂ ಔಟ್. ಬಾಲ್ ತರೋಕೆ ಮಾತ್ರ ನಾನೇ ಹೋಗ್ಬೇಕು."

"ಪಾಪ," ಎಂದಳು. ಆ ಒಂದು ಪದವನ್ನು ಅವಳು ಹೇಳುವ ಬಗೆ ಹೇಗಿತ್ತೆಂದರೆ, ನಲವತ್ತು ವರ್ಷದ ಹಿಂದೆ ಚೆಂಡು ಹುಡುಕುತ್ತಾ ಕನಕಾಂಬರದ ಗಿಡದ ಕೆಳಗೆ ಬಗ್ಗಿದ್ದ ಹುಡುಗನಿಗೆ ಯಾರೋ ತಲೆ ಸವರಿದ ಹಾಗಾಯಿತು.

ಅವಳ ಮದುವೆ ಮುರಿದು ಬಹಳ ವರ್ಷವಾಗಿತ್ತು. ಅದನ್ನವಳು ಹೇಳಿದ್ದು ಒಂದೇ ವಾಕ್ಯದಲ್ಲಿ, ಡಿಸೆಂಬರಿನ ಒಂದು ಬಿಡುವಿನಲ್ಲಿ. ಅವನು ಉಷಾ ವಿಷಯ ಹೇಳಿದ್ದು ಅದರ ಮುಂದಿನದರಲ್ಲಿ. ಇಬ್ಬರೂ ಹೆಚ್ಚು ಕೇಳಲಿಲ್ಲ.

ಇನ್ನೊಂದು ಶನಿವಾರ ಅವಳು ಹಿಂದೆ ಮುಂದೆ ನೋಡುತ್ತಾ ಶುರು ಮಾಡಿದಳು. "ಒಂದ್ ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು."

"ಬೇಜಾರ್ ಮಾಡ್ಕೊಳ್ಳೋ ಹಾಗಿದ್ರೆ ನಿಮ್ಮ ಮೊದ್ಲನೇ 'ಓವರ್‌ಟರ್ನ್ಡ್'ಗೇ ಮನೇಗ್ ಹೋಗ್ತಿದ್ದೆ. ಹೇಳಿ."

"ಕೆಳಗಿನ ಬಾಲ್ ನೀವು ತಪ್ಪು ಹೇಳ್ತಿರೋದು ಕಣ್ಣಿಂದ ಅಲ್ಲ. ಶುರೂಲಿ ಸರಿ ಹೇಳ್ತೀರಾ. ಅರ್ಧ ಆಟ ಆದ್ಮೇಲೆ ಬಗ್ಗೋದೇ ಬಿಟ್ಬಿಡ್ತೀರಾ. ಮಂಡಿ ನೋವು ಅಲ್ವಾ?"

ಆ ಮಂಡಿನೋವನ್ನು ಅವನು ಕ್ಲಬ್ಬಿನವರಿಂದ, ಆಫೀಸಿನಿಂದ, ಮಗಳಿಂದಲೂ ಬಚ್ಚಿಟ್ಟಿದ್ದ.

"ಚೆಂಡು ನೋಡೋ ಕ್ಯಾಮೆರಾದಲ್ಲಿ ನನ್ನ ಮಂಡಿ ಯಾಕ್ರೀ ನೋಡ್ತೀರಾ?"

"ಅಷ್ಟು ದೊಡ್ಡ ಮಂಡಿ, ಚೆಂಡಿಗೆ ಅಡ್ಡ ಬಂದ್ರೆ ಏನ್ ಮಾಡ್ಲಿ? ಫಿಸಿಯೋ ಹತ್ರ ಹೋಗಿ. ಹೋಗ್ಲಿಲ್ಲ ಅಂದ್ರೆ ಮುಂದಿನ ವಾರ ಇಂಗ್ಲಿಷಲ್ಲೇ ಮಾತಾಡ್ತೀನಿ."

ಅದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ತೋಚಲಿಲ್ಲ. ಹೋದ. ಬೆಳಗ್ಗೆ ಬೆಳಗ್ಗೆ ಹಾಲಿನಲ್ಲಿ ಚಾಪೆ ಹಾಕಿಕೊಂಡು ಕಾಲು ಎತ್ತತೊಡಗಿದ. ವಾರಾಂತ್ಯಕ್ಕೆ ಬಂದ ಅನನ್ಯಾ ಬಾಗಿಲಲ್ಲೇ ನಿಂತು ಕಣ್ಣರಳಿಸಿದಳು.

"ಅಪ್ಪಾ, ಹೂ ಈಸ್ ಶಿ?"

"ಯಾರು ಶಿ? ಫಿಸಿಯೋ ಗಂಡಸು."

"ಯೂ ಆರ್ ಹಮ್ಮಿಂಗ್, ಅಪ್ಪಾ. ನೋಬಡಿ ಹಮ್ಸ್ ಡೂಯಿಂಗ್ ಲೆಗ್ ರೈಸಸ್."

ಬಗ್ಗಿ ನಿಲ್ಲಲು ಬಂದ ಮೇಲೆ ಚೆಂಡು ಕಾಣತೊಡಗಿತು. ಜನವರಿಯಲ್ಲಿ ಅವನ ತೀರ್ಪುಗಳು ತಿರುಗುವುದೇ ಕಡಿಮೆಯಾಯಿತು. ಲೀಗಿನ ಅಂಪೈರ್‌ಗಳಲ್ಲೆಲ್ಲ ಅವನೇ ಮುಂದೆ. ಫೈನಲ್ ಆಟಕ್ಕೆ ಪ್ಲೇಟಿನ ಹಿಂದೆ ಅವನೇ ಎಂದು ನಿರ್ಧಾರವಾಯಿತು. ಜೀವಮಾನದಲ್ಲಿ ಅವನಿಗೆ ಸಿಕ್ಕ ಮೊದಲ ಫೈನಲ್.

ಸೆಮಿಫೈನಲ್ ದಿನ, ಪರ್ತ್‌ನಲ್ಲಿ, ಒಂದು ತೀರ್ಪೂ ತಿರುಗಲಿಲ್ಲ. "ಇವತ್ತು ನನಗೆ ಕೆಲಸಾನೇ ಕೊಡ್ಲಿಲ್ಲ ನೀವು," ಎಂದಳು ಅವಳು. "ಬರ್ತೀನಿ ಸರ್. ಅಡಿಲೇಡ್ ಫೈನಲಲ್ಲಿ ಸಿಗೋಣ."

ಅವನು ಅಂಪೈರ್ ಕೋಣೆಗೆ ಬಂದ. ಬೆಂಚಿನ ಮೇಲೆ ಕೂತ. ಕಾಲಿನ ಕವಚದ ಪಟ್ಟಿ ಬಿಚ್ಚುತ್ತಾ, ಕಿವಿಯಲ್ಲಿ ಏನೂ ಇಲ್ಲದ್ದನ್ನು ಸ್ವಲ್ಪ ಹೊತ್ತು ಕೇಳಿದ. ಆಮೇಲೆ, ಅವಳು ಹೋಗಿಯಾಗಿದೆ ಎಂಬ ಧೈರ್ಯದಲ್ಲಿ, ಎದುರು ಹಾಸಿದ ಸಿಮೆಂಟ್ ನೆಲಕ್ಕೆ ಕೆಲವು ಮಾತು ಹೇಳಿದ. ಹೇಳಿ ಎದ್ದು ಸ್ನಾನಕ್ಕೆ ಹೋದ.

*

ನಾಲ್ಕು ದಿನಕ್ಕೆ ಲೀಗ್ ಆಫೀಸಿನಿಂದ ಫೋನ್. ಹೆದರ್ ಎಂಬ ಹೆಂಗಸು, ಆಟದಲ್ಲಿ ಮೋಸ ನಡೆಯದಂತೆ ನೋಡುವ ಅಧಿಕಾರಿ. ಮಾತು ಮೃದು, ಮಾತಿನೊಳಗಿನ ಕಲ್ಲು ಗಟ್ಟಿ.

ಒಬ್ಬ ಅಂಪೈರ್ ಇದ್ದಕ್ಕಿದ್ದಂತೆ ತಪ್ಪೇ ಮಾಡದ ಹಾಗಾಗಿದ್ದಾನೆ. ಅವನಿಗೂ ಆಪರೇಟರಿಗೂ ನಡುವೆ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಮಾತು ನಡೆಯುತ್ತದೆ. ಚೆಂಡು ಬಿದ್ದ ತಕ್ಷಣ ಅವಳೇ ಅವನಿಗೆ ಉತ್ತರ ಹೇಳಿಕೊಡುತ್ತಿದ್ದಾಳೆಯೇ? ಲೀಗಿಗೆ ಬಂದ ಅನುಮಾನ ಇದು.

"ಎಲ್ಲಾ ರೆಕಾರ್ಡ್ ಆಗಿದೆ," ಎಂದಳು ಹೆದರ್. "ನೀವು ಸೊಂಟದ ಮೈಕ್ ಪ್ಯಾಕ್ ಆಫ್ ಮಾಡುವವರೆಗೂ."

ರಾಜಗೋಪಾಲ ಹಾಗೇ ಪೆಟ್ರೋಲ್ ಪಂಪಿನ ಪಕ್ಕ ಕಾರಿಗೆ ಒರಗಿ ನಿಂತ. ಪ್ಯಾಕ್ ಆಫ್ ಮಾಡಿದ್ದು ಯಾವಾಗ? ಸ್ನಾನಕ್ಕೆ ಹೋಗುವ ಮೊದಲು. ನೆಲದ ಜೊತೆ ಮಾತಾಡಿದ್ದು? ಅದಕ್ಕೂ ಮೊದಲು.

ಹೆದರ್ ಎರಡು ದಾರಿ ಕೊಟ್ಟಳು. ಇಬ್ಬರೂ ತಪ್ಪಾಯಿತೆಂದು ಒಪ್ಪಿಕೊಂಡರೆ ರೆಕಾರ್ಡಿಂಗ್ ಯಾರೂ ಕೇಳುವುದಿಲ್ಲ. ಅವನಿಗೆ ಫೈನಲ್ ತಪ್ಪುತ್ತದೆ, ಅಷ್ಟೇ. ಒಪ್ಪದಿದ್ದರೆ ಫೈನಲ್ಲಿನ ಹಿಂದಿನ ದಿನ ಅಡಿಲೇಡಿನಲ್ಲಿ ವಿಚಾರಣೆ. ಕನ್ನಡ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳುವುದು.

"ಒಪ್ಪಿಕೊಂಡರೆ ಜ್ಯೋತ್ಸ್ನಾ ಅವರಿಗೆ?"

"ಒಪ್ಪಿಕೊಂಡ ಆಪರೇಟರನ್ನು ಆ ಕಂಪನಿ ಇಟ್ಟುಕೊಳ್ಳುವುದಿಲ್ಲ."

ಒಪ್ಪಿಕೊಂಡರೆ ಅವನ ಗುಟ್ಟು ಉಳಿಯುತ್ತದೆ, ಅವಳ ಕೆಲಸ ಹೋಗುತ್ತದೆ. ಒಪ್ಪದಿದ್ದರೆ ಆ ವಯಸ್ಸಿನಲ್ಲಿ, ಅಪರಿಚಿತರ ಮುಂದೆ, ಅವನ ಎದೆಯನ್ನು ಸ್ಪೀಕರಿನಲ್ಲಿ ಹಾಕಿ ಅವಳಿಗೇ ಕೇಳಿಸುತ್ತಾರೆ. ಅವಳು ಬೇಸರಪಟ್ಟರೆ? ಅದಕ್ಕಿಂತ ಹೆಚ್ಚಾಗಿ, ಅವಳು ಕನಿಕರಪಟ್ಟರೆ? ಇಷ್ಟು ದಿನ ಇದ್ದ ಆ ಚೂರುಪಾರು ಮಾತೂ ಹೋಗುತ್ತದೆ.

ಅಂಪೈರ್‌ಗೆ ಯೋಚಿಸಲು ಹೆಚ್ಚು ಹೊತ್ತು ತೆಗೆದುಕೊಂಡು ಅಭ್ಯಾಸವಿಲ್ಲ. "ಕೇಳಿ," ಎಂದ. "ಪೂರ್ತಿ ಕೇಳಿ."

*

ಅಡಿಲೇಡಿನಲ್ಲಿ ಆ ಶುಕ್ರವಾರ ಒಣ ಬಿಸಿಲು. ಮೈದಾನದ ಕಟ್ಟಡದ ಉದ್ದನೆಯ ಓಣಿಯಲ್ಲಿ ಅವನು ಬೇಗನೆ ಬಂದು ನಿಂತಿದ್ದ. ಎದುರಿನಿಂದ ಒಬ್ಬ ಹೆಂಗಸು ಬಂದಳು. ಬೂದುಬಣ್ಣದ ಕುರ್ತಾ, ಕಾಲಿಗೆ ಓಡುವ ಶೂ, ಕಿವಿಯ ಮೇಲೆ ಒಂದೇ ಒಂದು ಬಿಳಿಯ ಎಳೆ, ಬೇಕೆಂದೇ ಬಿಟ್ಟುಕೊಂಡ ಹಾಗೆ. ಅವನಿಗಿಂತ ಒಂದು ಗೇಣು ಗಿಡ್ಡ. ನಡಿಗೆ ಮಾತ್ರ ಸರಸರ.

ಅವನ ಮುಂದೆ ನಿಂತು ನೋಡಿದಳು. ಮೊದಲು ಮಂಡಿ, ಆಮೇಲೆ ಮುಖ.

"ಧ್ವನಿಗಿಂತ ಉದ್ದ ಇದ್ದೀರಾ," ಎಂದಳು.

"ನೀವು..." ಎಂದ ಅವನು. ಆ ದನಿಗೆ ಅವನು ಎಷ್ಟೋ ಮುಖ ಕೊಟ್ಟುಕೊಂಡಿದ್ದ. ಒಂದೂ ಇದಾಗಿರಲಿಲ್ಲ. ಈಗ ಅವೆಲ್ಲ ಸುಳ್ಳಾಗಿ, ಇದೊಂದೇ ಮುಂಚಿನಿಂದಲೂ ಗೊತ್ತಿದ್ದ ಮುಖವಾಯಿತು.

"ಏನ್ ಸರ್, ಮುಖ ಬಾಡಿದೆ? ಕೇಳ್ಲಿ ಬಿಡಿ. ಅದ್ರಲ್ಲೇನಿದೆ? ಜಕರಾಂಡ ಇದೆ, ಎಮ್ಮೆ ಇದೆ."

"ಕೊನೇಲಿ ಒಂದಿದೆ," ಎಂದ ರಾಜಗೋಪಾಲ. "ನೀವು ಹೋದ್ಮೇಲೆ ನಾನೊಬ್ನೇ ಮಾತಾಡಿದ್ದು."

"ಏನದು?"

ಬಾಗಿಲು ತೆರೆಯಿತು. ಒಳಗೆ ಕರೆದರು.

ಒಳಗೆ ಹೆದರ್, ಒಂದು ಲ್ಯಾಪ್‌ಟಾಪ್, ಪಕ್ಕದಲ್ಲಿ ಬಿಳಿ ಮೀಸೆಯ ಈಶ್ವರಪ್ಪ. ತುಮಕೂರಿನ ಕಡೆಯವರು. ಅದೇ ಊರಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ದೊಡ್ಡ ಆಸ್ಪತ್ರೆಯಲ್ಲಿ ಕನ್ನಡ ಮಾತ್ರ ಬರುವ ರೋಗಿಗಳಿಗೆ ವರ್ಷಗಟ್ಟಲೆ ದುಭಾಷಿಯಾಗಿದ್ದವರು. ಮೂತ್ರಪಿಂಡದ ಸುದ್ದಿಯನ್ನೂ ಮೊಮ್ಮಗು ಹುಟ್ಟಿದ ಸುದ್ದಿಯನ್ನೂ ಒಂದೇ ಸಪಾಟು ದನಿಯಲ್ಲಿ ಹೇಳಿ ಪಳಗಿದವರು.

ರೆಕಾರ್ಡಿಂಗ್ ಶುರುವಾಯಿತು. ಈಶ್ವರಪ್ಪ ಕಣ್ಣು ಮುಚ್ಚಿ ಕೇಳಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಈ ಮನುಷ್ಯ ಪಿಚರನ್ನು ಒಂದು ಸಾಕುಪ್ರಾಣಿ ಎನ್ನುತ್ತಿದ್ದಾನೆ. ಈಕೆ ಒಪ್ಪುತ್ತಿದ್ದಾಳೆ. ಈಗ ಮರಗಳ ವಿಷಯ. ಈಗ ಚಿಕ್ಕಂದಿನ ಕ್ರಿಕೆಟ್ಟು.

"ಅದಕ್ಕೇನಾದರೂ ಗುಪ್ತ ಅರ್ಥ ಇರಬಹುದೇ?" ಎಂದಳು ಹೆದರ್. "ಒನ್ ಪಿಚ್ ಕ್ಯಾಚ್?"

"ಮೇಡಂ, ಅದರಲ್ಲಿ ಗುಪ್ತ ಏನಿಲ್ಲ. ಅದು ಕಾನೂನು," ಎಂದರು ಈಶ್ವರಪ್ಪ ಗಂಭೀರವಾಗಿ. "ನಮ್ಮ ರಸ್ತೆಯಲ್ಲೂ ಇತ್ತು."

ಮಂಡಿಯ ಮಾತು ಬಂತು. ಹೆದರ್ ಅದನ್ನು ಎರಡು ಸಲ ಹೇಳಿಸಿಕೊಂಡಳು. ರಾಜಗೋಪಾಲ ಫಿಸಿಯೋ ಹೆಸರು ಕೊಟ್ಟ. ಅವಳು ತನ್ನ ಪರದೆಯಲ್ಲಿ ದಿನಾಂಕ ಹೋಲಿಸಿ ನೋಡಿ, ಮೊದಲ ಸಲ ತುಟಿ ಸಡಿಲಿಸಿದಳು. ಮೊದಲ ದಿನದ ಏಸಿಯ ಮಾತೊಂದನ್ನು ಬಿಟ್ಟರೆ, ಎಲ್ಲಾ ಆಟಗಳಲ್ಲೂ, ಪಿಚರ್ ಸಿದ್ಧನಾದಾಗಿನಿಂದ ಅಂಪೈರ್ ಬಾಯಿ ತೆರೆಯುವವರೆಗೆ, ಈಕೆಯ ಕಡೆಯಿಂದ ಒಂದೇ ಒಂದು ಶಬ್ದವೂ ಇರಲಿಲ್ಲ.

"ಇನ್ನೊಂದು ತುಣುಕು ಉಳಿದಿದೆ," ಎಂದಳು.

ಪಟ್ಟಿ ಬಿಚ್ಚಿದ ಸದ್ದು. ಉಸಿರು. ಆಮೇಲೆ ಅವನದೇ ದನಿ, ಅವನಿಗೇ ಗುರುತು ಸಿಗದಷ್ಟು ಮೆತ್ತಗೆ:

"ಜ್ಯೋತ್ಸ್ನಾ ಅವ್ರೇ... ಹೋದ್ರಾ? ... ಹೋದ್ರು. ಮುಂಚೆ ಮನೇಗ್ ಹೋದ ತಕ್ಷಣ ಟೀವಿ ಹಾಕ್ತಿದ್ದೆ. ನೋಡೋಕಲ್ಲ, ಯಾರಾದ್ರೂ ಮಾತಾಡ್ಲಿ ಅಂತ. ಈಗ ಹಾಕೋದೇ ಇಲ್ಲ. ನೀವು ಶನಿವಾರ ಹೇಳಿದ್ದನ್ನ ಇಟ್ಕೊಂಡಿರ್ತೀನಿ, ಒಂದೊಂದೇ ತೆಗೆದು ಕೇಳಿಸ್ಕೊಳ್ತೀನಿ. ಬುಧವಾರದವರ್ಗೂ ಬರುತ್ತೆ. ಗುರುವಾರ ಶುಕ್ರವಾರ ಕಷ್ಟ... ಇದನ್ನ ನಿಮ್ಗೆ ಹೇಳೋ ಧೈರ್ಯ ಇಲ್ಲ ನೋಡಿ. ಅಂಪೈರ್ ಅಂತೆ, ಅಂಪೈರ್."

ರಾಜಗೋಪಾಲ ಮೇಜಿನ ಅಂಚನ್ನು ನೋಡುತ್ತಿದ್ದ. ಪಕ್ಕಕ್ಕೆ ತಿರುಗಲು ಅವನ ಕುತ್ತಿಗೆಗೆ ಬಲವಿರಲಿಲ್ಲ.

"ಏನೆಂದರು?" ಎಂದಳು ಹೆದರ್.

ಈಶ್ವರಪ್ಪ ಕನ್ನಡಕ ತೆಗೆದು ಒರೆಸಿದರು. "ಇದು ಬೇಸ್‌ಬಾಲ್ ವಿಷಯ ಅಲ್ಲ ಮೇಡಂ," ಎಂದರು ಇಂಗ್ಲಿಷಿನಲ್ಲಿ.

"ಅದನ್ನು ತೀರ್ಮಾನಿಸುವುದು ನನ್ನ ಕೆಲಸ. ದಯವಿಟ್ಟು ಹೇಳಿ."

ಅವರು ರಾಜಗೋಪಾಲನ ಕಡೆ ತಿರುಗಿದರು. ಆ ಸಪಾಟು ದನಿ ಎಲ್ಲೋ ಹೋಗಿತ್ತು. "ಏನಪ್ಪಾ, ಹೇಳ್ಲಾ? ಬ್ಯಾಡ ಅಂದ್ರೆ, ಮನೆ ವಿಷ್ಯ ಅಂತ ಅಂದ್ಬಿಡ್ತೀನಿ."

ಅವನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಉತ್ತರ ಬಂತು.

"ಹೇಳಿ ಅಂಕಲ್," ಎಂದಳು ಜ್ಯೋತ್ಸ್ನಾ. "ಒಂದಕ್ಷರ ಬಿಡ್ಬೇಡಿ."

ಅವರು ಹೇಳಿದರು. ಟೀವಿ, ಬುಧವಾರ, ಗುರುವಾರ. ಹೆದರ್ ಬರೆಯುವುದನ್ನು ನಿಲ್ಲಿಸಿದಳು. ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು.

"ಎಕ್ಸ್‌ಕ್ಯೂಸ್ ಮಿ," ಎಂದಳು ಜ್ಯೋತ್ಸ್ನಾ. "ಅದನ್ನು ಇನ್ನೊಂದು ಸಲ ಹಾಕುತ್ತೀರಾ?"

"ಅನುವಾದದಲ್ಲಿ ತಪ್ಪಿದೆಯೇ?"

"ಇಲ್ಲ. ನನಗೆ ಬೇಕು."

ಹೆದರ್ ಒಂದು ಕ್ಷಣ ಅವಳನ್ನೂ, ಕಿವಿಯವರೆಗೆ ಕೆಂಪಾಗಿದ್ದ ಅಂಪೈರನ್ನೂ ನೋಡಿದಳು. ಹಾಕಿದಳು. ಈಶ್ವರಪ್ಪ ಕಿಟಕಿಯ ಕಡೆ ತಿರುಗಿ ಬಹಳ ಶ್ರದ್ಧೆಯಿಂದ ಪಾರ್ಕಿಂಗ್ ಜಾಗ ನೋಡತೊಡಗಿದರು.

ಮೋಸ ಇಲ್ಲ ಎಂದು ತೀರ್ಮಾನವಾಯಿತು. ಆದರೆ ಇನ್ನು ಮುಂದೆ ಇವರಿಬ್ಬರೂ ಒಂದೇ ಆಟದಲ್ಲಿ ಕೆಲಸ ಮಾಡುವ ಹಾಗಿಲ್ಲ. ನಾಳೆಯ ಆಟಕ್ಕೂ ಅದೇ ನಿಯಮ. ಒಬ್ಬರು ಬಿಡಬೇಕು.

"ನಾನು ಬಿಡ್ತೀನಿ," ಎಂದ ರಾಜಗೋಪಾಲ.

"ಸುಮ್ನಿರಿ," ಎಂದಳು ಜ್ಯೋತ್ಸ್ನಾ. ಆಮೇಲೆ ಹೆದರ್‌ಗೆ: "ನನ್ನ ಬದಲಿಗೆ ಬ್ರಿಸ್ಬೇನಿನಲ್ಲಿ ಇನ್ನೊಬ್ಬ ಹುಡುಗ ಇದ್ದಾನೆ. ಇವರ ಬದಲಿಗೆ ಇಂಥ ಮಂಡಿಯವರು ಯಾರೂ ಇಲ್ಲ."

ಓಣಿಗೆ ಬಂದರು. ಅವನು ಅವಳ ಶೂಗಳನ್ನು ನೋಡುತ್ತಾ ಹೇಳಿದ, "ನೀವು ಕೋಪ ಮಾಡ್ಕೊಂಡಿದ್ರೆ ಹೇಳ್ಬಿಡಿ."

"ನಾಳೆ ಹೇಳ್ತೀನಿ."

"ಈಗ್ಲೇ ಹೇಳಿದ್ರೆ ಏನು?"

"ಏನ್ ಹೇಳಿದ್ರೂ ನಾಳೆ ನಿಮ್ಮ ಕಣ್ಣು ಕೆಡುತ್ತೆ. ಫೈನಲ್ ಇದೆ. ಊಟ ಮಾಡಿ, ಮಲಕ್ಕೊಳ್ಳಿ." ಎರಡು ಹೆಜ್ಜೆ ಹೋಗಿ ತಿರುಗಿದಳು. ನಕ್ಕಳೋ, ಬರೀ ಬಿಸಿಲಿಗೆ ಕಣ್ಣು ಕಿರಿದು ಮಾಡಿದಳೋ, ಅಷ್ಟು ದೂರದಿಂದ ಅವನಿಗೆ ನಿರ್ಧರಿಸಲಾಗಲಿಲ್ಲ. ಪ್ರಶ್ನಿಸಲು ಹೆಲ್ಮೆಟ್ಟೂ ಇರಲಿಲ್ಲ.

*

ಶನಿವಾರ ಮಧ್ಯಾಹ್ನ ಮೈದಾನ ತುಂಬಿತ್ತು. ಸುಟ್ಟ ಸಾಸೇಜು, ಸನ್‌ಸ್ಕ್ರೀನು, ನೀರು ಹಾಕಿದ ಕೆಂಪು ಮಣ್ಣು, ಎಲ್ಲಾ ಸೇರಿದ ವಾಸನೆ. ಅವಳು ಎಲ್ಲಿ ಕೂತಿದ್ದಾಳೆ ಎಂದು ಅವನು ಹುಡುಕಲಿಲ್ಲ. ಹುಡುಕಿದರೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು.

ಕಿವಿಯಲ್ಲಿ ಬ್ರಿಸ್ಬೇನಿನ ಹುಡುಗನಿದ್ದ. "ಕಾಲ್ ಸ್ಟ್ಯಾಂಡ್ಸ್, ಮೇಟ್." ಅಷ್ಟೇ. ಬಿಡುವುಗಳಲ್ಲಿ ಅವನು ಏನೂ ಹೇಳುತ್ತಿರಲಿಲ್ಲ. ರಾಜಗೋಪಾಲ ಪ್ಲೇಟ್ ಒರೆಸುತ್ತಿದ್ದ, ನಿಲ್ಲುತ್ತಿದ್ದ. ಒಮ್ಮೆ ತೀರ್ಪು ತಿರುಗಿತು. ಹಿಂದೆ ಮುಂದೆ ಯಾವ ಸದ್ದೂ ಇಲ್ಲದೆ ಬರೀ "ಓವರ್‌ಟರ್ನ್ಡ್" ಎಂದು ಬಂದಾಗ, ತಪ್ಪು ಮಾಡುವುದರಲ್ಲೂ ರುಚಿ ಇಲ್ಲವಲ್ಲ ಎನಿಸಿತು. ಆದರೂ ಬಗ್ಗಿದ. ಕೊನೆಯ ಇನಿಂಗ್ಸಿನ ಕೊನೆಯ ಚೆಂಡಿಗೂ, ಬೆವರು ಕಣ್ಣಿಗಿಳಿಯುತ್ತಿದ್ದರೂ, ಪೂರ್ತಿ ಬಗ್ಗಿ ನೋಡಿ "ಸ್ಟ್ರೈಕ್" ಎಂದು ಕೂಗಿದ. ಯಾರೂ ತಲೆ ಮುಟ್ಟಲಿಲ್ಲ. ಅಡಿಲೇಡಿನವರು ಗೆದ್ದು ಒಬ್ಬರ ಮೇಲೊಬ್ಬರು ಬಿದ್ದರು.

ಅವನು ಕೈಕುಲುಕುವವರ ಕೈ ಕುಲುಕಿ, ಮುಖವಾಡ ಕಂಕುಳಲ್ಲಿ ಇರುಕಿಕೊಂಡು ತಿರುಗಿದಾಗ ಜನ ಇಳಿದು ಹೋಗುತ್ತಿದ್ದರು. ಬಲೆಯ ಹಿಂದೆ, ಮೇಲಿನ ಸಾಲಿನಲ್ಲಿ ಅವಳು ಇನ್ನೂ ಕೂತಿದ್ದಳು. ತಲೆಗೆ ಯಾರದೋ ದೊಡ್ಡ ಹುಲ್ಲಿನ ಟೋಪಿ.

ಒಂದೊಂದೇ ಮೆಟ್ಟಿಲು ಹತ್ತಿದ. ಅವಳ ಪಕ್ಕ ಒಂದು ಸೀಟು ಬಿಟ್ಟು ಕೂತ. ಮಾತಾಡಬೇಕಾದವಳು ಅವಳು. ಅವನಿಗೆ ತಡೆಯಲಾಗಲಿಲ್ಲ.

"ಹೇಗಿತ್ತು?"

"ಯಾವ್ದು?"

"ಆಟ ರೀ. ಆರನೇ ಇನಿಂಗ್ಸಲ್ಲಿ ಒಂದು ತಪ್ಪು ಹೇಳ್ದೆ ನೋಡಿ, ಹೊರಗಿನ ಬಾಲು. ನಿಮ್ಗೆ ಇಲ್ಲಿಂದ ಹೇಗೆ ಕಾಣ್ತು? ಸ್ಟ್ರೈಕಾ?"

ಅವಳು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕೆಳಗೆ ಖಾಲಿ ಮೈದಾನ, ಅದರ ಮೇಲೆ ಸಂಜೆಯ ಬಿಸಿಲು. ಹಗಲೆಲ್ಲ ಅಡಿಲೇಡಿನ ಬಿಸಿಲಲ್ಲಿ ಕೂತು ಅವಳ ಮೂಗಿನ ತುದಿ ಕೆಂಪಗಾಗಿತ್ತು.

"ಗೊತ್ತಿಲ್ಲ," ಎಂದಳು.

"ಗೊತ್ತಿಲ್ವಾ? ನಿಮ್ಗಾ?"

"ಶುರುವಿಂದ ಕೊನೇವರ್ಗೂ ಇಲ್ಲೇ ಕೂತಿದ್ದೆ ರಾಜಗೋಪಾಲ್. ಒಂದು ಬಾಲೂ ನೋಡ್ಲಿಲ್ಲ."

ಸರ್ ಎನ್ನಲಿಲ್ಲ ಎಂಬುದು ಅವನಿಗೆ ಮೊದಲು ತಿಳಿಯಿತು. ಮಿಕ್ಕಿದ್ದು ನಿಧಾನವಾಗಿ, ಒಂದೊಂದೇ ಪದವಾಗಿ, ಒಳಗೆ ಇಳಿಯಿತು. ಅವನು ಅವಳ ಕಡೆ ತಿರುಗಿದ. ಈ ಸಲ ಕುತ್ತಿಗೆಗೆ ಬಲವಿತ್ತು.

ಅವಳು ಮಧ್ಯದ ಖಾಲಿ ಸೀಟಿನ ಮೇಲಿದ್ದ ಧೂಳನ್ನು ಅಂಗೈಯಿಂದ ಒರೆಸಿದಳು. "ಬನ್ನಿ ಈ ಕಡೆ," ಎಂದಳು. "ಅಷ್ಟು ದೂರ ಕೂತು ಮಾತಾಡಿದ್ದು ಸಾಕು."